ನಿಮ್ಮ ವಾರ್ಡ್ ಎಷ್ಟು ಸ್ಮಾರ್ಟ್? ವಾರ್ಡ್ ಮಟ್ಟದ ಮೌಲ್ಯಮಾಪನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನಾವು ಕೆಲವು ಗೆಳೆಯರು ಟೇಪು, ಕೊಡ, ಮೊಬೈಲು ಹಿಡಿದುಕೊಂಡು ವಾರ್ಡ್ ವಾರ್ಡ್ ತಿರುಗುತ್ತೇವೆ. ಸ್ಮಾರ್ಟ್ ಸಿಟಿ ಅನ್ನಿಸಿಕೊಂಡ ಊರಿನ ಒಂದೊಂದು ವಾರ್ಡೂ ಆ ಹೆಸರಿಗೆ ಎಷ್ಟು ಹತ್ತಿರ ಇದೆ ಅಂತ ಅಳೆದು ನೋಡುವುದು ನಮ್ಮ ಕೆಲಸ. ದಾವಣಗೆರೆ, ತುಮಕೂರು, ಬೆಳಗಾವಿ ಕಡೆಯವರೂ ಆಗಾಗ ಕೇಳುತ್ತಾರೆ: ಹೇಗೆ ಮಾಡ್ತೀರಿ, ನಾವೂ ಮಾಡಬಹುದಾ ಅಂತ. ಆ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಇಲ್ಲಿದೆ.

ಸ್ಮಾರ್ಟ್ ಸಿಟಿ ಅಂದರೆ ಇಡೀ ಊರು ಅಲ್ವಾ? ವಾರ್ಡ್ ಲೆಕ್ಕ ಯಾಕೆ?

ಊರಿನ ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ. ಎಲ್ಲರೂ ಬದುಕುವುದು ತಮ್ಮ ಓಣಿಯಲ್ಲಿ.

ನಮ್ಮ ಊರಿನದೇ ಉದಾಹರಣೆ ತಗೊಳ್ಳಿ. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ, ರಾಜ್ಯ ಸರ್ಕಾರದ ನಗರ ಮೂಲಸೌಕರ್ಯ ನಿಗಮವಾದ ಕೆಯುಐಡಿಎಫ್‌ಸಿ ಮೂಲಕ, ರಾಜ್ಯದ 5 ಪ್ರಾತ್ಯಕ್ಷಿಕೆ ವಲಯಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ 2 ವಲಯ, ಬೆಳಗಾವಿಯಲ್ಲಿ 2, ಕಲಬುರಗಿಯಲ್ಲಿ 1. ದಿನದ ಯಾವ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೂ ನೀರು. ದೇಶದ ಬೇರೆ ಬೇರೆ ಕಡೆಯಿಂದ ನೋಡಲು ಜನ ಬಂದರು. ಆದರೆ ಆ ವಲಯದ ಗಡಿ ದಾಟಿದರೆ ಪಕ್ಕದ ಬಡಾವಣೆಯಲ್ಲಿ ಹಲವು ದಿನಕ್ಕೊಮ್ಮೆ ನೀರು. ಊರು ಒಂದೇ, ಪಾಲಿಕೆ ಒಂದೇ.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಊರಿನ 10% ಜನಕ್ಕೆ ದಿನಕ್ಕೆ 24 ಗಂಟೆ ನೀರು ಬರುತ್ತದೆ ಅನ್ನಿ. ಉಳಿದ 90% ಜನಕ್ಕೆ 5 ದಿನಕ್ಕೊಮ್ಮೆ 4 ಗಂಟೆ. ಸರಾಸರಿ ತೆಗೆದರೆ ದಿನಕ್ಕೆ ಸುಮಾರು 3 ಗಂಟೆ ಬರುತ್ತದೆ. ದಿನಾ 3 ಗಂಟೆ ನೀರು ಬರುವ ಮನೆ ಇಡೀ ಊರಲ್ಲಿ ಹುಡುಕಿದರೂ ಒಂದೂ ಸಿಗುವುದಿಲ್ಲ. ವರದಿಯಲ್ಲಿ ಮಾತ್ರ ಆ ಅಂಕಿ ಇರುತ್ತದೆ.

ಬೆಂಗಳೂರಿನ ಕಥೆಯೂ ಹಾಗೇ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 2020ರ ಸುಗಮ ಜೀವನ ಸೂಚ್ಯಂಕದಲ್ಲಿ, 10 ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಮಹದೇವಪುರ ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಸೂಚ್ಯಂಕ ಸುಳ್ಳು ಅಂತ ಇದರ ಅರ್ಥವಲ್ಲ. ಅದು ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಅಷ್ಟೆ.

ನಮ್ಮ ವಾರ್ಡ್‌ಗೆ ಸ್ಮಾರ್ಟ್ ಸಿಟಿ ದುಡ್ಡೇ ಬಂದಿಲ್ಲ. ಆದರೂ ಅಳೆಯಬೇಕಾ?

ಅಳೆಯಲೇಬೇಕು. ಯಾಕೆ ಬಂದಿಲ್ಲ ಅನ್ನುವುದನ್ನೂ ತಿಳಿದುಕೊಳ್ಳಿ. ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಮಿಷನ್ 2015ರ ಜೂನ್ 25ರಂದು ಶುರುವಾಯಿತು. 100 ನಗರ ಆರಿಸಿದರು. ಕರ್ನಾಟಕದಿಂದ 7: ಮೊದಲ ಸುತ್ತಿನಲ್ಲಿ ಬೆಳಗಾವಿ, ದಾವಣಗೆರೆ, 2016ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, 2017ರಲ್ಲಿ ಬೆಂಗಳೂರು. ಒಂದು ನಗರಕ್ಕೆ ಕೇಂದ್ರದಿಂದ 500 ಕೋಟಿ, ರಾಜ್ಯ ಮತ್ತು ಪಾಲಿಕೆ ಕಡೆಯಿಂದ ಅಷ್ಟೇ ಮೊತ್ತ ಅನ್ನುವುದು ಯೋಜನೆಯ ಲೆಕ್ಕ.

ಆದರೆ ಆ ದುಡ್ಡು ಊರಿಗೆಲ್ಲ ಹಂಚುವುದಕ್ಕೆ ಇರಲಿಲ್ಲ. ಪ್ರತಿ ನಗರ ಒಂದು ತುಂಡು ಜಾಗ ಆರಿಸಿ ಅಲ್ಲಿ ಮಾದರಿ ಕೆಲಸ ಮಾಡಬೇಕಿತ್ತು. ಇರುವ ಬಡಾವಣೆಯನ್ನೇ ಸುಧಾರಿಸುವುದಾದರೆ ಕನಿಷ್ಠ 500 ಎಕರೆ, ಕೆಡವಿ ಕಟ್ಟುವುದಾದರೆ 50 ಎಕರೆ, ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ 250 ಎಕರೆ. ಇದರ ಜೊತೆಗೆ ಊರಿಗೆಲ್ಲ ಉಪಯೋಗವಾಗುವ ತಂತ್ರಜ್ಞಾನದ ಒಂದು ಕೆಲಸವಾದರೂ ಇರಬೇಕು. 500 ಎಕರೆ ಅಂದರೆ 2 ಚದರ ಕಿಲೋಮೀಟರ್. ನಮ್ಮಂಥ ಊರಲ್ಲಿ ಅದು ಒಂದು ಮೂಲೆ. ಹುಬ್ಬಳ್ಳಿಯಲ್ಲಿ ತೋಳನಕೆರೆ, ಉಣಕಲ್ ನಾಲಾ ದಂಡೆಯ ಹಸಿರು ಮಾರ್ಗ, ಜನತಾ ಬಜಾರ್ ನೋಡಿದವರು ಊರು ಬದಲಾಗಿದೆ ಅನ್ನುತ್ತಾರೆ. ಅಲ್ಲಿಗೆ ಕಾಲಿಡದ ವಾರ್ಡಿನವರು ಏನೂ ಆಗಿಲ್ಲ ಅನ್ನುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ಅದಕ್ಕೇ ನಮ್ಮ ಪಟ್ಟಿಯಲ್ಲಿ ಯೋಜನೆಯ ಒಳಗಿನ ವಾರ್ಡ್, ಹೊರಗಿನ ವಾರ್ಡ್ ಅಂತ ಒಂದು ಕಾಲಂ ಇಟ್ಟಿದ್ದೇವೆ. ಎರಡನ್ನೂ ಒಂದೇ ಅಳತೆಯಿಂದ ಅಳೆಯುತ್ತೇವೆ.

ಮಾನದಂಡ ಅಂತ ಯಾವುದನ್ನು ಹಿಡಿಯಬೇಕು?

ಮಾನದಂಡಗಳಿಗೇನೂ ಕೊರತೆ ಇಲ್ಲ. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 37120 ನಗರ ಸೇವೆ ಮತ್ತು ಜೀವನ ಮಟ್ಟದ ಸೂಚಕಗಳನ್ನು ಹೇಳುತ್ತದೆ. 2014ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. 2019ರಲ್ಲಿ ಬಂದ ಐಎಸ್‌ಒ 37122 ಸ್ಮಾರ್ಟ್ ಸಿಟಿಗೇ ಮೀಸಲು. ಅದೇ ವರ್ಷದ 37123 ಪ್ರವಾಹ, ಬರದಂಥ ಆಘಾತ ತಡೆಯುವ ನಗರಗಳಿಗೆ. ಇವೆಲ್ಲ ಇಡೀ ನಗರವನ್ನು ಮನಸ್ಸಿನಲ್ಲಿಟ್ಟು ಬರೆದಂಥವು. ಎಷ್ಟೋ ಸೂಚಕಗಳನ್ನು ವಾರ್ಡ್ ಮಟ್ಟಕ್ಕೆ ಇಳಿಸಲು ಆಗುವುದೇ ಇಲ್ಲ. ಒಂದು ವಾರ್ಡಿನ ವಿಮಾನ ಸಂಪರ್ಕ ಅಳೆದು ಯಾರಿಗೆ ಏನು ಉಪಯೋಗ?

ನನ್ನನ್ನು ಕೇಳಿದರೆ ವಾರ್ಡ್ ಕೆಲಸಕ್ಕೆ ತುಂಬಾ ಉಪಯೋಗಕ್ಕೆ ಬರುವುದು 2008ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಹೊರತಂದ ಸೇವಾ ಮಟ್ಟದ ಮಾನದಂಡಗಳು. ಹಳೆಯದು, ಸರಳವಾದದ್ದು. ನೀರು, ಒಳಚರಂಡಿ, ಕಸ, ಮಳೆನೀರು ಚರಂಡಿ, ಈ ನಾಲ್ಕೇ ವಿಷಯ. ತಲೆಗೆ ದಿನಕ್ಕೆ 135 ಲೀಟರ್ ನೀರು, 24 ಗಂಟೆ ಪೂರೈಕೆ, ಸೋರಿ ಹೋಗುವ ಮತ್ತು ಬಿಲ್ ಆಗದ ನೀರು 20% ಮೀರಬಾರದು, ಮನೆ ಮನೆ ಕಸ ಸಂಗ್ರಹ 100%. ನೋಡಿ, ಇದು ಯಾರಿಗಾದರೂ ಅರ್ಥವಾಗುತ್ತದೆ. ಫುಟ್‌ಪಾತಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಇದೆ. ಕುಡಿಯುವ ನೀರಿನ ಗುಣಮಟ್ಟಕ್ಕೆ ಐಎಸ್ 10500 ಇದೆ. ಈ ಮೂರು ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ಆದಂತೆ.

ಬೆಂಗಳೂರಿನಲ್ಲಿ 198 ವಾರ್ಡ್ ಇದ್ದ ಕಾಲದಲ್ಲಿ ಜನಾಗ್ರಹ ಸಂಸ್ಥೆ ವಾರ್ಡ್ ಕ್ವಾಲಿಟಿ ಸ್ಕೋರ್ ಅಂತ ಮಾಡಿತ್ತು. ವಾರ್ಡ್ ವಾರ್ಡ್ ಅಳೆಯಲು ಆಗುತ್ತದೆ ಅನ್ನುವ ಧೈರ್ಯ ನಮಗೆ ಬಂದದ್ದು ಅದರಿಂದಲೇ.

ಮೊದಲು ಏನನ್ನು ಅಳೆಯಬೇಕು?

ನೀರು. ಆಮೇಲೆ ಚರಂಡಿ, ಕಸ, ಫುಟ್‌ಪಾತ್, ಬೀದಿದೀಪ, ಬಸ್ಸು. ಕ್ಯಾಮೆರಾ, ವೈಫೈ, ಆ್ಯಪ್ ಇವೆಲ್ಲ ಕೊನೆಗೆ. ಕೆಲವರು ಇದಕ್ಕೆ ಒಪ್ಪುವುದಿಲ್ಲ. ಸ್ಮಾರ್ಟ್ ಅಂದಮೇಲೆ ತಂತ್ರಜ್ಞಾನ ಮೊದಲು ಬರಬೇಕಲ್ವಾ ಅನ್ನುತ್ತಾರೆ. ರಾತ್ರಿ 2 ಗಂಟೆಗೆ ನೀರಿಗೆ ಎದ್ದು ಬೆಳಗ್ಗೆ ಕೆಲಸಕ್ಕೆ ಹೋಗುವ ತಾಯಿಯ ಮುಂದೆ ನಿಂತು ಆ ಮಾತು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ನೀರನ್ನು ಮನೆ ಮಟ್ಟದಲ್ಲಿ ಅಳೆಯುವುದು ಹೇಗೆ? ಮೀಟರ್ ಇಲ್ಲವಲ್ಲ.

ಕೊಡ ಇದೆಯಲ್ಲ. ನಮ್ಮ ಕಡೆ ಸಾಮಾನ್ಯ ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರ್ ಹಿಡಿಯುತ್ತದೆ, ನೀಲಿ ಡ್ರಮ್ಮು 200 ಲೀಟರ್. ನೀರು ಬಂದ ದಿನ ಆ ಮನೆಯಲ್ಲಿ ಏನೇನು ತುಂಬಿಸುತ್ತಾರೆ ಅಂತ ಎಣಿಸಿ. ಒಂದು ಮನೆಯಲ್ಲಿ ಹೀಗಿತ್ತು ಅಂದುಕೊಳ್ಳಿ: 3 ಡ್ರಮ್ಮು, 10 ಕೊಡ. ಒಟ್ಟು 750 ಲೀಟರ್. ಮನೆಯಲ್ಲಿ 5 ಜನ, ನೀರು ಬರುವುದು 5 ದಿನಕ್ಕೊಮ್ಮೆ. ಭಾಗಿಸಿದರೆ ತಲೆಗೆ ದಿನಕ್ಕೆ 30 ಲೀಟರ್. ಮಾನದಂಡ 135. ಕಾಲು ಭಾಗವೂ ಇಲ್ಲ. ಟೆರೇಸಿನ ಮೇಲೆ ಸಿಂಟೆಕ್ಸ್, ನೆಲದಡಿ ಸಂಪ್ ಇರುವ ಪಕ್ಕದ ಮನೆಯವರಿಗೆ ಅದೇ ಪೈಪಿನಲ್ಲಿ, ಅದೇ ದಿನ ಬರುವ ನೀರು ಸಾಕಾಗುತ್ತದೆ. ಒಂದೇ ಓಣಿಯಲ್ಲಿ ಇಷ್ಟು ಅಂತರ. ಹಾಗಾಗಿ ಒಂದು ವಾರ್ಡಿನಲ್ಲಿ ಸಂಪ್ ಇರುವ ಮನೆ, ಇಲ್ಲದ ಮನೆ, ಬಾಡಿಗೆ ಮನೆ, ಎಲ್ಲವೂ ಸೇರಿ ಕಡಿಮೆ ಅಂದರೂ 30 ಮನೆ ನೋಡಿ.

ಒತ್ತಡ ತಿಳಿಯಲು ನಲ್ಲಿ ಕೆಳಗೆ ಕೊಡ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಬರೆದುಕೊಳ್ಳಿ. ಪೈಪಿನ ಕೊನೆಯ ಮನೆಗಳಲ್ಲಿ ಇದನ್ನು ಬಿಡಲೇಬೇಡಿ. ಕ್ಲೋರಿನ್ ಪರೀಕ್ಷೆಗೆ ಹನಿ ಹಾಕಿದರೆ ಹಳದಿ ಬಣ್ಣ ಬರುವ ಚಿಕ್ಕ ಕಿಟ್ ಸಿಗುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಇನ್ನೊಂದು ಮಾತು. ನೀರು ಬಿಡುವ ವಾಲ್‌ಮನ್ ಜೊತೆ ಕೂತು ಒಂದು ಚಹಾ ಕುಡಿಯಿರಿ. ಯಾವ ವಾಲ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಓಣಿಗೆ ನೀರು ಏರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ. ‘ಇವತ್ತ ಮೇಲಿನ ಓಣಿಗೆ ಬಿಟ್ಟೀನ್ರಿ, ನಾಳೆ ಕೆಳಗ’ ಅಂತ ಒಬ್ಬರು ಹೇಳಿದ ಒಂದೇ ವಾಕ್ಯದಿಂದ ನಮ್ಮ ಇಡೀ ವೇಳಾಪಟ್ಟಿ ಸರಿಹೋಯಿತು.

ಫುಟ್‌ಪಾತ್ ಅಳೆಯಲು ಟೇಪು ಎಲ್ಲಿಂದ ಎಲ್ಲಿಗೆ ಹಿಡಿಯಬೇಕು?

ಗೋಡೆಯಿಂದ ಅಂಚುಕಲ್ಲಿನವರೆಗೆ ಅಲ್ಲ. ಅಲ್ಲೇ ಎಲ್ಲರೂ ತಪ್ಪುವುದು. ಮನುಷ್ಯ ನಿಜವಾಗಿ ನಡೆಯಬಹುದಾದ ಅಗಲವನ್ನು ಮಾತ್ರ ಅಳೆಯಿರಿ. ಐಆರ್‌ಸಿ 103 ಪ್ರಕಾರ ವಸತಿ ಪ್ರದೇಶದಲ್ಲಿ ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಎತ್ತರ 15 ಸೆಂಟಿಮೀಟರ್ ಮೀರಬಾರದು.

ಒಂದು ಸಲ ಹೊಸದಾಗಿ ಮಾಡಿದ ಫುಟ್‌ಪಾತ್ ಅಳೆಯಲು ಹೋಗಿದ್ದೆ. ಹೆಂಚು ಚೆನ್ನಾಗಿತ್ತು. ಕಣ್ಣು ಕಾಣದವರಿಗೆ ಅಂತ ಹಳದಿ ಗೆರೆಯ ಕಲ್ಲುಗಳನ್ನೂ ಹಾಕಿದ್ದರು. ಪೂರ್ತಿ ಅಗಲ 2 ಮೀಟರಿಗೂ ಜಾಸ್ತಿ. ಹತ್ತು ಹೆಜ್ಜೆ ಹೋದರೆ ನಡುವೆ ಟ್ರಾನ್ಸ್‌ಫಾರ್ಮರ್ ಕಂಬ. ಅದಕ್ಕೆ ಒರಗಿಸಿ ಎರಡು ಬೈಕು. ಉಳಿದದ್ದು 70 ಸೆಂಟಿಮೀಟರ್. ಹಳದಿ ಗೆರೆ ನೇರವಾಗಿ ಕಂಬದ ಬುಡಕ್ಕೇ ಹೋಗಿ ನಿಂತಿತ್ತು. ನಾನು ಟೇಪು ಹಿಡಿದು ನಿಂತಿರುವಾಗಲೇ ವಯಸ್ಸಾದ ಒಬ್ಬ ಅಜ್ಜಿ ಬಂದರು. ಕಂಬದ ಹತ್ತಿರ ನಿಂತು ಎಡಕ್ಕೆ ನೋಡಿದರು, ಸೀರೆ ನೆರಿಗೆ ಎತ್ತಿ ಹಿಡಿದು ರಸ್ತೆಗೆ ಇಳಿದರು, ನಾಲ್ಕು ಹೆಜ್ಜೆ ಬಸ್ಸುಗಳ ಪಕ್ಕದಲ್ಲೇ ನಡೆದು ಮತ್ತೆ ಮೇಲೆ ಹತ್ತಿದರು. ಹತ್ತುವಾಗ ಕಂಬ ಹಿಡಿದುಕೊಳ್ಳಬೇಕಾಯಿತು. ಆ ಕೆಲಸದ ಕಡತದಲ್ಲಿ ಫುಟ್‌ಪಾತ್ ಪೂರ್ಣಗೊಂಡಿದೆ ಅಂತಲೇ ಇರುತ್ತದೆ.

ಅವತ್ತಿನಿಂದ ನಮ್ಮ ನಿಯಮ ಇದು: ಒಂದು ರಸ್ತೆಯ ಫುಟ್‌ಪಾತ್ ಅಗಲ ಅಂದರೆ ಅದರ ಅತಿ ಕಿರಿದಾದ ಜಾಗದ ಅಗಲ. ಜೊತೆಗೆ 100 ಮೀಟರ್ ನಡೆಯುವಾಗ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು ಅಂತ ಎಣಿಸುತ್ತೇವೆ. ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರನ್ನೋ ಕೈಗಾಡಿಯಲ್ಲಿ ಮಗುವನ್ನು ಕರೆದುಕೊಂಡು ಹೋಗುವವರನ್ನೋ ಜೊತೆಗೆ ಕರೆಯಿರಿ. ನಿಮ್ಮ ಕಣ್ಣಿಗೆ ಬೀಳದ್ದು ಅವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಚರಂಡಿ, ಕಸ, ದೀಪ?

ಇವು ಸುಲಭ, ಆದರೆ ಹೊತ್ತು ನೋಡಿ ಹೋಗಬೇಕು. ದೀಪ ನೋಡಲು ರಾತ್ರಿ 8ರ ಮೇಲೆ. ಕಸ ನೋಡಲು ಬೆಳಗ್ಗೆ ಗಾಡಿ ಬರುವ ಹೊತ್ತಿಗೆ. ಹಸಿ ಕಸ ಒಣ ಕಸ ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಒಂದೇ ಕಡೆ ಸುರಿಯುತ್ತಾರಾ ನೋಡಿ. ಚರಂಡಿಯನ್ನು ಮಳೆ ಬಂದು ಅರ್ಧ ಗಂಟೆಗೆ ನೋಡಬೇಕು. ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೊ ತೆಗೆಯಿರಿ.

ಕಮಾಂಡ್ ಸೆಂಟರ್, ಸೆನ್ಸರ್, ಕ್ಯಾಮೆರಾಗಳಿಗೆ ಅಂಕ ಇಲ್ಲವಾ?

ಇದೆ. ಆದರೆ ಎಷ್ಟಿವೆ ಅನ್ನುವುದಕ್ಕೆ ಅಂಕ ಕೊಡುವುದಿಲ್ಲ, ಅದರಿಂದ ಏನಾಯಿತು ಅನ್ನುವುದಕ್ಕೆ ಕೊಡುತ್ತೇವೆ. 100 ಸ್ಮಾರ್ಟ್ ಸಿಟಿಗಳಲ್ಲೂ ಈಗ ಕಮಾಂಡ್ ಸೆಂಟರ್, ಅಂದರೆ ಊರಿನ ಕ್ಯಾಮೆರಾ, ಸೆನ್ಸರ್‌ಗಳನ್ನು ಒಂದೇ ಕಡೆ ಕೂತು ನೋಡುವ ಕೊಠಡಿ ಇದೆ. ಕೋವಿಡ್ ಕಾಲದಲ್ಲಿ ಹಲವು ಊರುಗಳಲ್ಲಿ ಅವೇ ವಾರ್ ರೂಮ್ ಆಗಿ ಕೆಲಸ ಮಾಡಿದವು. ಅದು ನಿಜವಾಗಿಯೂ ದೊಡ್ಡ ಸಹಾಯ. ಆದರೆ ನಿಮ್ಮ ಓಣಿಯ ಮಟ್ಟಿಗೆ ಪ್ರಶ್ನೆ ಒಂದೇ: ದೂರು ಕೊಟ್ಟರೆ ಎಷ್ಟು ದಿನಕ್ಕೆ ಸರಿಯಾಗುತ್ತದೆ?

ನಾನೇ ಒಮ್ಮೆ ತೆರೆದ ಮ್ಯಾನ್‌ಹೋಲ್ ಬಗ್ಗೆ ಆ್ಯಪಿನಲ್ಲಿ ಫೋಟೊ ಸಮೇತ ದೂರು ಹಾಕಿದೆ. ಮೂರನೇ ದಿನ ‘ಪರಿಹರಿಸಲಾಗಿದೆ’ ಅಂತ ಮೆಸೇಜು ಬಂತು. ಹೋಗಿ ನೋಡಿದರೆ ಬಾಯಿ ತೆರೆದೇ ಇತ್ತು, ಅಕ್ಕಪಕ್ಕದವರು ಒಂದು ಮರದ ಕೊಂಬೆ ನೆಟ್ಟಿದ್ದರು. ಹಾಗಾಗಿ ಮುಚ್ಚಿದ ದೂರುಗಳನ್ನು ಎಣಿಸಬೇಡಿ. ಮುಚ್ಚಿದ್ದೇವೆ ಅಂದ ಹತ್ತು ದೂರು ಆರಿಸಿ, ಜಾಗಕ್ಕೆ ಹೋಗಿ ನೋಡಿ. ಹತ್ತರಲ್ಲಿ ಎಷ್ಟು ನಿಜವಾಗಿ ಸರಿಯಾಗಿವೆಯೋ ಅದೇ ನಿಮ್ಮ ಅಂಕ.

ಎಲ್ಲಾ ಅಂಕ ಕೂಡಿಸುವುದು ಹೇಗೆ?

ಮೊದಲು ಪ್ರತಿ ವಿಷಯವನ್ನೂ 0ಯಿಂದ 100ರ ಅಳತೆಗೆ ತನ್ನಿ. ಮಾನದಂಡ ಮುಟ್ಟಿದರೆ 100. ಆಮೇಲೆ ಕೂಡಿಸುವುದರಲ್ಲಿ ಎಚ್ಚರ ಬೇಕು.

ಎರಡು ವಾರ್ಡ್ ಊಹಿಸಿಕೊಳ್ಳಿ. ಒಂದರಲ್ಲಿ ನೀರು, ಚರಂಡಿ, ಕಸ, ಫುಟ್‌ಪಾತ್ ನಾಲ್ಕಕ್ಕೂ 70. ಇನ್ನೊಂದರಲ್ಲಿ ಮೂರಕ್ಕೆ 90, ಚರಂಡಿಗೆ 10. ಸಾದಾ ಸರಾಸರಿ ತೆಗೆದರೆ ಎರಡೂ 70. ಆದರೆ ಎರಡನೇ ವಾರ್ಡಿನಲ್ಲಿ ಮಳೆ ಬಂದರೆ ಮನೆಯೊಳಗೆ ಕೊಳಚೆ ನೀರು. ಅದು ಹೇಗೆ ಸಮ ಆದೀತು? ನಾಲ್ಕನ್ನೂ ಗುಣಿಸಿ ನಾಲ್ಕನೇ ಮೂಲ ತೆಗೆದರೆ, ಅಂದರೆ ಗುಣೋತ್ತರ ಸರಾಸರಿ ಮಾಡಿದರೆ, ಮೊದಲನೆಯದು 70ರಲ್ಲೇ ಇರುತ್ತದೆ, ಎರಡನೆಯದು 52ಕ್ಕೆ ಇಳಿಯುತ್ತದೆ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಲ್ಲಿ ಇದೇ ವಿಧಾನಕ್ಕೆ ಬದಲಾಯಿತು. ಒಂದು ಕಡೆಯ ಮೆರುಗು ಇನ್ನೊಂದು ಕಡೆಯ ಹುಳುಕನ್ನು ಮುಚ್ಚಿಬಿಡಬಾರದು ಅನ್ನುವುದೇ ಕಾರಣ. ಸ್ಪ್ರೆಡ್‌ಶೀಟಿನಲ್ಲಿ ಒಂದು ಸೂತ್ರ ಹಾಕಿದರೆ ಆಯಿತು, ಗಣಿತಕ್ಕೆ ಹೆದರಬೇಡಿ.

ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದನ್ನು ಅಳೆಯುವ ಮೊದಲೇ ಬರೆದಿಟ್ಟುಕೊಳ್ಳಿ. ಫಲಿತಾಂಶ ನೋಡಿದ ಮೇಲೆ ತೂಕ ಬದಲಿಸಿದರೆ ಆ ವರದಿಗೆ ಬೆಲೆ ಇರುವುದಿಲ್ಲ.

ಜನರ ಅಭಿಪ್ರಾಯವನ್ನು ಲೆಕ್ಕಕ್ಕೆ ಹಿಡಿಯಬೇಕಾ?

ಹಿಡಿಯಬೇಕು. ಕೇಂದ್ರದ 2020ರ ಸುಗಮ ಜೀವನ ಸೂಚ್ಯಂಕದಲ್ಲೂ 100ರಲ್ಲಿ 30 ಭಾಗ ನಾಗರಿಕರ ಅಭಿಪ್ರಾಯಕ್ಕೇ ಇತ್ತು. ಆದರೆ ಅದನ್ನು ಅಳತೆಯ ಜೊತೆ ಬೆರೆಸದೆ ಬೇರೆ ಕಾಲಂನಲ್ಲಿ ತೋರಿಸಿ. ಹತ್ತು ವರ್ಷದಿಂದ 8 ದಿನಕ್ಕೊಮ್ಮೆ ನೀರು ಹಿಡಿದವರಿಗೆ 4 ದಿನಕ್ಕೊಮ್ಮೆ ಬಂದರೆ ಖುಷಿ. ‘ಈಗ ಅಡ್ಡಿಯಿಲ್ರಿ’ ಅನ್ನುತ್ತಾರೆ. ಅವರ ಸಮಾಧಾನ ನಿಜ, ಮಾನದಂಡ ಇನ್ನೂ ದೂರ ಇರುವುದೂ ನಿಜ. ಎರಡೂ ಕಾಣಬೇಕು. ಮಧ್ಯಾಹ್ನ ಹೋದರೆ ಸಿಗುವವರು ಬೇರೆ, ಸಂಜೆ ಸಿಗುವವರು ಬೇರೆ ಅನ್ನುವುದೂ ನೆನಪಿರಲಿ.

ಕೊಳಗೇರಿಗಳನ್ನು ಬೇರೆಯಾಗಿ ಅಳೆಯಬೇಕಾ?

ಹೌದು. ವಾರ್ಡ್ ಅನ್ನುವುದೂ ಒಂದು ಸರಾಸರಿಯೇ ತಾನೇ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದ ಜಾಗಗಳ ಪಟ್ಟಿ ಸಿಗುತ್ತದೆ, ಆದರೆ ಘೋಷಣೆಯಾಗದೆ ಉಳಿದ ಗುಡಿಸಲುಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಕಾಲಲ್ಲೇ ತಿರುಗಿ ಹುಡುಕಬೇಕು. ವಾರ್ಡಿನ ಅಂಕ ಬರೆಯುವಾಗ ಪಕ್ಕದಲ್ಲೇ ಅಲ್ಲಿನ ಅತಿ ಕಷ್ಟದ ಓಣಿಯ ಅಂಕವನ್ನೂ ಬರೆಯುವುದು ನಮ್ಮ ರೂಢಿ.

ಜನಸಂಖ್ಯೆಯ ಲೆಕ್ಕ ಹಳೆಯದು. ವಾರ್ಡ್ ಗಡಿಗಳೂ ಬದಲಾಗಿವೆ. ಏನು ಮಾಡುವುದು?

ಇದು ನಿಜಕ್ಕೂ ತಲೆನೋವು. ಕೈಯಲ್ಲಿರುವುದು 2011ರ ಜನಗಣತಿ. 2021ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು 67 ವಾರ್ಡ್ ಇದ್ದವು, ಆಮೇಲೆ 82 ಆದವು. ಬೆಂಗಳೂರು 2025ರಲ್ಲಿ 5 ಪಾಲಿಕೆಗಳಾಗಿ ಒಡೆದಿದೆ. ಹಳೆಯ ವಾರ್ಡ್ ಅಂಕಿಯನ್ನು ಹೊಸ ವಾರ್ಡಿಗೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ. ನಾವು ತಲೆ ಲೆಕ್ಕ ಬಿಟ್ಟು ಮನೆ ಲೆಕ್ಕ ಹಿಡಿದಿದ್ದೇವೆ. ಮತದಾರರ ಪಟ್ಟಿಯ ಭಾಗಗಳಿಂದಲೂ ಒಂದು ಅಂದಾಜು ಸಿಗುತ್ತದೆ. ಮತ್ತೆ, ಪ್ರತಿ ಅಳತೆಯನ್ನೂ ಮೊಬೈಲಿನ ಜಿಪಿಎಸ್ ಗುರುತಿನ ಜೊತೆ ಇಡಿ. ನಾಳೆ ಗಡಿ ಬದಲಾದರೂ ನಿಮ್ಮ ಅಳತೆ ವ್ಯರ್ಥ ಆಗುವುದಿಲ್ಲ.

ಪಾಲಿಕೆಯ ಮಾಹಿತಿ ಪಡೆಯುವುದು ಹೇಗೆ?

ಮೊದಲು ವಲಯ ಕಚೇರಿಗೆ ಹೋಗಿ ನೇರವಾಗಿ ಕೇಳಿ. ಎಷ್ಟೋ ಎಂಜಿನಿಯರ್‌ಗಳು ಖುಷಿಯಿಂದಲೇ ಕೊಡುತ್ತಾರೆ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಉದ್ದುದ್ದ ಬರೆದು ಅರ್ಜಿ ವಾಪಸ್ ಬಂದವರು ತುಂಬಾ ಜನ. ‘ಅಭಿವೃದ್ಧಿ ಕೆಲಸಗಳ ವಿವರ’ ಅಂತ ಕೇಳಬೇಡಿ. ‘ವಾರ್ಡ್ ಇಂಥದ್ದರಲ್ಲಿ ಇಂಥ ತಿಂಗಳು ನೀರು ಬಿಟ್ಟ ದಿನಾಂಕಗಳ ದಾಖಲೆ ಪ್ರತಿ’ ಅಂತ ಕೇಳಿ.

ಮಿಷನ್ ಮುಗಿಯಿತಲ್ಲ, ಇನ್ನೂ ಯಾಕೆ ಅಳೆಯುವುದು?

2025ರ ಮಾರ್ಚ್ 31ಕ್ಕೆ ಮುಗಿಯಿತು, ನಿಜ. ಮಾಡಿದ ಕೆಲಸ ಉಳಿಯುತ್ತದಾ ಅನ್ನುವುದು ಗೊತ್ತಾಗುವುದು ಈಗಲೇ. ಸೆನ್ಸರ್ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಕೆರೆ ದಂಡೆಯ ದೀಪದ ಬಿಲ್ ಯಾರು ಕಟ್ಟುತ್ತಾರೆ? ಇದನ್ನು ವಾರ್ಡಿನವರೇ ಕಾಯಬೇಕು. ಹಾಗೆ ನೋಡಿದರೆ ಮೈಸೂರು ಆ 100ರ ಪಟ್ಟಿಯಲ್ಲೇ ಇರಲಿಲ್ಲ. ಆದರೂ ನಗರಗಳ ಸ್ವಚ್ಛತೆ ಅಳೆಯುವ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂತು. ಪಟ್ಟಿಯಲ್ಲಿ ಇದ್ದರೂ ಇಲ್ಲದಿದ್ದರೂ ಅಳತೆ ಒಂದೇ.

ವಾರ್ಡ್‌ಗಳಿಗೆ ರ‍್ಯಾಂಕ್ ಕೊಡಬಹುದಾ?

ನಾವು ಕೊಡುವುದಿಲ್ಲ. ಮೊದಲನೇ ವರ್ಷ ಕೊಟ್ಟಿದ್ದೆವು. ಮೇಲಿನ ವಾರ್ಡಿನವರು ಫ್ಲೆಕ್ಸ್ ಹಾಕಿಸಿದರು, ಕೆಳಗಿನವರು ನಮ್ಮ ಜೊತೆ ಮಾತು ಬಿಟ್ಟರು. ಚರಂಡಿ ಮಾತ್ರ ಹಾಗೇ ಉಳಿಯಿತು. ಈಗ ಪ್ರತಿ ವಾರ್ಡಿಗೂ ಅದರದೇ ಹೋದ ವರ್ಷದ ಅಂಕದ ಜೊತೆ ಹೋಲಿಸಿ ಕೊಡುತ್ತೇವೆ.

ವರದಿ ಯಾರಿಗೆ ಕೊಡಬೇಕು?

ಬೆಂಗಳೂರಿನ ಹೊರಗಿನ ಪಾಲಿಕೆಗಳಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ ವಾರ್ಡ್ ಸಮಿತಿಗೆ ಅವಕಾಶ ಇದೆ. ಪಾಲಿಕೆ ಸದಸ್ಯರೇ ಅದರ ಅಧ್ಯಕ್ಷರು. ಸಮಿತಿ ಇದ್ದರೆ ಅಲ್ಲೇ ಇಡಿ. ಇಲ್ಲದಿದ್ದರೆ ಸಮಿತಿ ರಚಿಸಿ ಅನ್ನುವುದೇ ವರದಿಯ ಮೊದಲ ಬೇಡಿಕೆ ಆಗಲಿ. ಎರಡೇ ಪುಟ ಇರಲಿ: ಒಂದು ನಕ್ಷೆ, ಮೂರು ಫೋಟೊ, ಮೂರು ಕೆಲಸ. ಬಜೆಟ್ ತಯಾರಿಗೆ ಮುಂಚೆ, ಡಿಸೆಂಬರ್ ಜನವರಿಯಲ್ಲಿ ಕೊಡಿ. ಏಪ್ರಿಲ್‌ನಲ್ಲಿ ಕೊಟ್ಟರೆ ಮತ್ತೊಂದು ವರ್ಷ ಕಾಯಬೇಕಾಗುತ್ತದೆ.

ಒಂದು ವಾರ್ಡ್ ಅಳೆಯಲು ಎಷ್ಟು ದಿನ ಬೇಕು?

ಆರು ಜನ ಇದ್ದರೆ ನಾಲ್ಕು ಭಾನುವಾರ ಸಾಕು. ಒಂದು ರಾತ್ರಿ ದೀಪಕ್ಕೆ, ನೀರು ಬರುವ ಒಂದು ದಿನ ಕೊಡಕ್ಕೆ. ಜೊತೆಗೆ ಒಂದು ಮಳೆ. ಮುಂಗಾರು ಶುರುವಾಗುವ ಮೊದಲೇ ಸೀಮೆಸುಣ್ಣ, ಟೇಪು ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟುಕೊಂಡಿರಿ. ಮಳೆ ನಿಂತ ಮೇಲೆ ಹುಡುಕಲು ಹೋದರೆ ನೀರು ಇಳಿದುಹೋಗಿರುತ್ತದೆ.